ಮುಂದಿನ ಸಾಲಿನ ಕೂಗು

"ವನ್ಸ್ ಮೋರ್!"

ಅದೇ ಗಂಟಲು. ಹಿಂದೂಪುರದಲ್ಲಿ ನಾಟಕ ಆಡಿದಷ್ಟು ದಿನವೂ ಕೂಗಿದವನು ಕಲ್ಯಾಣದುರ್ಗದ ಟೆಂಟಿನಲ್ಲೂ ಮುಂದಿನ ಸಾಲು ಹಿಡಿದು ಕೂತಿದ್ದ. ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ನಿಂತ ಕದಿರಮ್ಮನಿಗೆ ಸಾಕುಸಾಕಾಗಿತ್ತು. ಗಂಟಲು ಉರಿಯುತ್ತಿತ್ತು, ಕಾಲು ಬಾತಿತ್ತು. ಆದರೂ ಕೈಮುಗಿದು ಹಾಡನ್ನು ಮತ್ತೆ ಎತ್ತಿಕೊಂಡಳು.

ಎತ್ತಿಕೊಳ್ಳದೆ ವಿಧಿಯಿರಲಿಲ್ಲ. ಕಂಪನಿ ಮಾಲೀಕ ಸೋಮಶೇಖರಪ್ಪ ಹಿಂದೂಪುರದಲ್ಲೇ ಕಡ್ಡಿ ಮುರಿದಂತೆ ಹೇಳಿದ್ದ: "ವನ್ಸ್ ಮೋರ್ ಬೀಳ್ತಾ ಇರೋವರ್ಗೂ ರಾಣಿ ಪಾತ್ರ ನಿಂದು ಕಣಮ್ಮ. ಅದು ನಿಂತ ದಿನ ಭ್ರಮರಾಂಬಂಗೆ." ಪಾತ್ರ ಹೋದರೆ ಕದಿರಮ್ಮ ಹೋಗುವುದಾದರೂ ಎಲ್ಲಿಗೆ? ಅವಳಿಗೆ ಮನೆಯೆಂದರೆ ಕಂಪನಿಯ ಲಾರಿ, ನೆಂಟರೆಂದರೆ ಟಿಕೆಟ್ ಕೊಂಡವರು.

ಎಡಗಡೆಯ ಪರದೆಯ ಸಂದಿಯಲ್ಲಿ ಭ್ರಮರಾಂಬ ನಿಂತಿದ್ದಳು. ಗೋರಂಟ್ಲದಿಂದ ಮೂಗು ಸುರಿಸಿಕೊಂಡು ಬಂದ ಹುಡುಗಿಗೆ ಸ್ವರ ತಿದ್ದಿ ಹಾಡು ಕಲಿಸಿದವಳು ಈ ಕದಿರಮ್ಮನೇ. ಈಗ ನೋಡಿ, ಹಾಡು ಮುಗಿಯುವ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುತ್ತಾಳೆ, ಮೂಗುತಿ ಮುಟ್ಟಿಕೊಳ್ಳುತ್ತಾ. ಕಲಿಸಿದವಳು ಯಾವಾಗ ಬೀಳುತ್ತಾಳೋ ಎಂದು ಕಾಯುವ ಹದ್ದು! ಕದಿರಮ್ಮ ಅವಳೊಡನೆ ಮಾತು ಬಿಟ್ಟು ಬಹಳ ದಿನವಾಗಿತ್ತು.

ಅವಳಿಗಿಂತ ಆ ಮುಂದಿನ ಸಾಲಿನವನೇ ವಾಸಿ. ಮುಖದ ತುಂಬ ಕಲ್ಲು ಸಿಡಿದ ಕಪ್ಪು ಚುಕ್ಕೆ, ಹೆಗಲ ಮೇಲೊಂದು ಮಾಸಿದ ಟವೆಲ್ಲು. ಅವಳು ಹಾಡುವಾಗ ಒಮ್ಮೆಯೂ ಮುಖ ದಿಟ್ಟಿಸಿದವನಲ್ಲ, ಕಣ್ಣು ಸದಾ ಪಕ್ಕದ ಪರದೆಯ ಕಡೆಗೇ. ಮರ್ಯಾದಸ್ಥ ಎಂದುಕೊಂಡಿದ್ದಳು. ಒಂದು ದಿನ ಅವನ ಬೆನ್ನ ಹಿಂದೆಯೇ ಸೋಡಾ ಬಾಟಲಿ ಸಿಡಿದು ಜನವೆಲ್ಲ ಹೌಹಾರಿ ಎದ್ದರೂ ಅವನು ಕದಲಲಿಲ್ಲ. ಹಾಡಿನಲ್ಲಿ ಅಷ್ಟು ಮುಳುಗಿದ್ದಾನೆ ಪಾಪ, ಎನಿಸಿತ್ತು. ಇನ್ನೊಂದು ದಿನ ಮೇಲಿನ ಸ್ವರದಲ್ಲಿ ಅವಳ ಗಂಟಲೇ ಒಡೆದು ಟೆಂಟಿಗೆ ಟೆಂಟೇ ಸುಮ್ಮನಾಯಿತು. ಆಗಲೂ ಅವನು ಬಾಯ್ತುಂಬ ಕೂಗಿದ. ಅವನೊಬ್ಬ ಶುರು ಮಾಡಿದರೆ ಸಾಕು, ಹಿಂದಿನವರೆಲ್ಲ ದನಿಗೂಡಿಸುತ್ತಿದ್ದರು.

ಲೋಕದಲ್ಲಿ ತನ್ನ ಹಾಡಿಗೆಂದೇ ಊರೂರು ಅಲೆಯುವ ಜೀವ ಒಂದಾದರೂ ಇದೆಯಲ್ಲ! ಆ ಸಮಾಧಾನವೊಂದೇ ಅವಳನ್ನು ರಂಗದ ಮೇಲೆ ನಿಲ್ಲಿಸಿತ್ತು.

ಮರುದಿನ ಬೆಳಿಗ್ಗೆ ಅವನು ಟೆಂಟಿನ ಹೊರಗೆ ಟೀ ಕುಡಿಯುತ್ತಾ ಕೂತಿದ್ದ. ಕದಿರಮ್ಮ ತಾನೇ ಹೋಗಿ ಎದುರು ನಿಂತಳು.

"ಅಣ್ಣಾ, ನಿನ್ನಿಂದ ನನ್ ಪಾತ್ರ ಉಳೀತು ಕಣಪ್ಪ. ಒಡೆದೋದ ಈ ಗಂಟಲಲ್ಲಿ ಅದೇನ್ ಕೇಳಿಸ್ತು ನಿಂಗೆ?"

ಅವನು ಲೋಟ ಕೆಳಗಿಟ್ಟು, ಎದ್ದು ನಿಂತು, ಅವಳ ತುಟಿಯನ್ನೇ ನೋಡಿದ. ಆಮೇಲೆ ನಾಚಿಕೊಂಡು ಎರಡೂ ಕಿವಿ ಮುಟ್ಟಿ ಕೈಯಾಡಿಸಿದ.

"ಸೋಮಂದೇಪಲ್ಲಿ ತಾವ ಬಂಡೆ ಸಿಡಿಸ್ವಾಗ ಎರಡೂ ಹೋದ್ವು ಕಣಮ್ಮ, ನಂಗೇನೂ ಕೇಳ್ಸಲ್ಲ. ನಮ್ ತಂಗಿ ಮಗಳು ಭ್ರಮರಿ ಅಲ್ಲಿ ನಿಂತ್ಕೊಂಡು ಮೂಗುತಿ ಮುಟ್ತಾಳೆ, ನಾನು ಕೂಗ್ತೀನಿ, ಅಷ್ಟೇಯ."