ಆರು ಗಂಟೆಗೆ ಮುಚ್ಚುವ ಸೇತುವೆ

"ನದಿ ಆಚೆ ಮನೆ ಮಾಡೋ ಅಂಥದ್ದು ಏನಾಗಿದೆ ನಿನಗೆ?"

ಗಂಡ ಕೇಳಿದ್ದು ಮೂರನೆಯ ಸಲ. ಅವಳು ಊರಿನ ನಕ್ಷೆಯ ಮೇಲೆ ಬೆರಳಿಟ್ಟಳು. ಬೆರಳು ಮಾರುಕಟ್ಟೆ ದಾಟಿತು, ಭಾವನ ಮನೆಯಿದ್ದ ಬೀದಿ ದಾಟಿತು, ಕಬ್ಬಿಣದ ಹಳೆಯ ಸೇತುವೆ ಹತ್ತಿ ಆಚೆ ದಡದಲ್ಲಿ ಹೋಗಿ ನಿಂತಿತು.

"ನನ್ನ ಆಫೀಸು ಅಲ್ಲೇ ಅಲ್ವಾ?"

"ಆಫೀಸು ಬಿಟ್ರೆ ಅಲ್ಲಿ ಇನ್ನೇನಿದೆ? ಒಂದು ಬ್ರೆಡ್ಡು ಬೇಕಂದ್ರೂ ಸೇತುವೆ ದಾಟ್ಬೇಕು."

"ಗಾಳಿ ಚೆನ್ನಾಗಿದೆ ರೀ."

"ಸರಿ, ಇನ್ಮೇಲೆ ಮೂರು ಹೊತ್ತೂ ಗಾಳಿ ತಿಂದ್ಕೊಂಡಿರೋಣ." ಅವನು ನಕ್ಕು ತನ್ನ ಕಾಗದಗಳ ಕಡೆ ತಿರುಗಿದ. ಮನೆಯಲ್ಲೇ ಕೂತು ಪಠ್ಯಪುಸ್ತಕಗಳ ಕರಡು ತಿದ್ದುವವನಿಗೆ ಮೇಜೊಂದು ಹಿಡಿಸಿದರೆ ಸಾಕು, ಯಾವ ದಡವಾದರೇನು.

ವರ್ಗವಾಗಿ ಬಂದವಳು ಅವಳು. ಸೇತುವೆ ವಿಭಾಗದಲ್ಲಿ ಬೆರಳಚ್ಚುಗಾರ್ತಿ. ಕೆಲಸಕ್ಕೆ ಹಾಜರಾದ ನಾಲ್ಕನೆಯ ದಿನ ಎಂಜಿನಿಯರ್ ಒಂದು ಕಡತ ತಂದು ಅವಳ ಮೇಜಿನ ಮೇಲಿಟ್ಟಿದ್ದರು. ಸೇತುವೆಗೆ ಎಂಬತ್ನಾಲ್ಕು ವರ್ಷ. ತೊಲೆಗಳಿಗೆ ತುಕ್ಕು. ಎರಡು ಕಂಬಗಳ ಬುಡದಲ್ಲಿ ಮಣ್ಣು ಕೊಚ್ಚಿಹೋಗಿದೆ. ಮುಂದಿನ ತಿಂಗಳ ಕೊನೆಯ ದಿನ ಸಂಜೆ ಆರಕ್ಕೆ ಮುಚ್ಚುವುದು. ನಡೆದು ಹೋಗುವವರಿಗೂ ದಾರಿಯಿಲ್ಲ.

"ಎಷ್ಟು ದಿನ ಸರ್?"

"ಎರಡು ವರ್ಷ. ಅಲ್ಲಿಯವರೆಗೆ ಎಪ್ಪತ್ತು ಕಿಲೋಮೀಟರ್ ಸುತ್ತು. ಪ್ರಕಟಣೆ ಬರೋ ತನಕ ಬಾಯಿ ಬಿಡ್ಬೇಡಿ."

ಅವಳು ಬಾಯಿ ಬಿಡಲಿಲ್ಲ. ಆದರೆ ಅಂದು ಸಂಜೆಯೇ ಆಚೆ ದಡದಲ್ಲಿ ಮನೆ ಹುಡುಕಲು ಹೊರಟಳು.

ಸಿಕ್ಕಿದ್ದು ನೆಲಮಟ್ಟದ ಮನೆ. ಎದುರಿಗೆ ಅಂಗಳ. ಗಂಡನಿಗೆ ಒಂದು ಕೋಣೆ, ಮಲಗಲು ಒಂದು. ಪೂರ್ವದ ಬೆಳಕು ಬೀಳುವ ಮೂರನೆಯದು ಖಾಲಿ. "ಇಬ್ಬರಿಗೆ ಇಷ್ಟೆಲ್ಲ ಯಾಕೆ?" ಎಂದ ಗಂಡ. "ಸಾಮಾನಿಗೆ" ಎಂದಳು.

ಅತ್ತೆ ಇದ್ದದ್ದು ಊರ ದಡದಲ್ಲಿ, ಭಾವನ ಮೂರನೆಯ ಮಹಡಿಯ ಮನೆಯಲ್ಲಿ. ಮೂವತ್ತು ವರ್ಷ ಬಟ್ಟೆ ಹೊಲಿದು ಇಬ್ಬರು ಗಂಡುಮಕ್ಕಳನ್ನು ಓದಿಸಿದ ಹೆಂಗಸು. ಅವರ ಹೊಲಿಗೆ ಯಂತ್ರದ ಮೇಲೆ ಈಗ ಟಿ.ವಿ. ಕೂತಿತ್ತು. ಮದುವೆಯಾದ ಹೊಸತರಲ್ಲಿ ಅತ್ತೆ ಮೂರು ತಿಂಗಳು ಇವರ ಜೊತೆಗಿದ್ದರು. ಅವರು ನಕ್ಕರೆ ಮೂರು ಮನೆಗೆ ಕೇಳಿಸುತ್ತಿತ್ತು. ಹದಿನೆಂಟು ವರ್ಷ ಕಳೆದರೂ ಆ ಮೂರು ತಿಂಗಳನ್ನು ಅವಳು ಮರೆತಿರಲಿಲ್ಲ.

ಹೊಸ ಮನೆಯ ಬೀಗದ ಕೈ ಸಿಕ್ಕ ಮಾರನೆಯ ದಿನ ಪತ್ರಿಕೆಯಲ್ಲಿ ಪ್ರಕಟಣೆ ಬಂತು. ಹತ್ತು ನಿಮಿಷಕ್ಕೆ ಓರಗಿತ್ತಿಯ ಫೋನು.

"ನಿನಗೆ ಮೊದಲೇ ಗೊತ್ತಿತ್ತು ತಾನೆ? ಬಸ್ಸಾಗಲಿ ಕಾರಾಗಲಿ, ಸ್ವಲ್ಪ ದೂರ ಹೋದ್ರೆ ಅತ್ತೆಗೆ ವಾಂತಿ. ಎಪ್ಪತ್ತು ಕಿಲೋಮೀಟರ್ ಸುತ್ತಿ ಅವರು ಬರೋ ಹಾಗಿಲ್ಲ. ಭಲೇ ಘಾಟಿ ಕಣೇ ನೀನು!"

"ಅಯ್ಯೋ, ಹಾಗೇನಿಲ್ಲಕ್ಕ."

ಭಾವ ಫೋನು ಕಿತ್ತುಕೊಂಡ. "ಬಿಡಮ್ಮ, ಹಿರಿಮಗ ನಾನಿದ್ದೀನಿ. ಅಮ್ಮ ಇರೋದು ನನ್ನ ಮನೇಲೇ. ಅದರಲ್ಲಿ ಎರಡು ಮಾತಿಲ್ಲ."

"ಯಾರು ಎರಡು ಮಾತಾಡಿದ್ರು ಭಾವ?"

ಕೊನೆಗೆ ಅತ್ತೆಯ ಸರದಿ. ಅವರು ನಗಲಿಲ್ಲ. "ಬುದ್ಧಿವಂತೆ ಕಣೇ ನೀನು" ಎಂದಷ್ಟೇ ಹೇಳಿ ಫೋನಿಟ್ಟರು. ಅಂದು ಅವಳು ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದಳು.

ಸೇತುವೆಯ ಕೊನೆಯ ದಿನ ಎಲ್ಲರನ್ನೂ ಊಟಕ್ಕೆ ಕರೆದಳು. ಅತ್ತೆ ಮನೆಯೆಲ್ಲ ಸುತ್ತಿದರು. ಖಾಲಿ ಕೋಣೆಯ ಕಿಟಕಿ ತೆರೆದು, ಮುಚ್ಚಿ, ಮತ್ತೆ ತೆರೆದರು.

ನಾಲ್ಕೂವರೆಯಿಂದಲೇ ಅವಳ ಅವಸರ ಶುರುವಾಯಿತು. "ಹೊರಡಿ ಅಕ್ಕ, ಆರಕ್ಕೆ ಗೇಟು ಹಾಕ್ತಾರೆ. ಒಂದು ನಿಮಿಷ ಹೆಚ್ಚು ಬಿಡಲ್ಲ, ಆರ್ಡರ್ ಟೈಪ್ ಮಾಡಿದ್ದು ನಾನೇ."

"ನೋಡ್ರೀ, ಹೇಗೆ ಓಡಿಸ್ತಿದ್ದಾಳೆ!" ಓರಗಿತ್ತಿ ಗಂಡನಿಗೆ ಕಣ್ಣು ಮಿಟುಕಿಸಿದಳು. ಆದರೆ ಇವಳು ತನ್ನ ಚಿಕ್ಕ ಮರದ ಕಪಾಟನ್ನು "ಇಲ್ಲಿ ಜಾಗವಿಲ್ಲ, ನಿಮಗೇ ಇರಲಿ" ಎಂದಾಗ ಓರಗಿತ್ತಿಯ ಮುಖ ಅರಳಿತು. ಕಪಾಟು ಕಾರಿನ ಹಿಂದಿನ ಸೀಟಿಡೀ ತುಂಬಿಕೊಂಡಿತು.

"ಅಮ್ಮ ಎಲ್ಲಿ ಕೂರೋದು?" ಎಂದ ಭಾವ.

"ಇವರು ಸ್ಕೂಟರಲ್ಲಿ ಬಿಟ್ಟು ಬರ್ತಾರೆ, ನೀವು ನಡೀರಿ."

ಐದು ಗಂಟೆಗೆ ಕಾರು ಹೊರಟಿತು. ಅವಳು ಕಸದ ಬುಟ್ಟಿ ಹಿಡಿದು ಅಂಗಳಕ್ಕಿಳಿದು ಬಂದಳು. ಅವಳು ಒಳಗೆ ಬರುತ್ತಲೇ ಅತ್ತೆ, ಕಾಲು ಹಿಡಿದುಕೊಂಡಿದೆ, ಸ್ವಲ್ಪ ಓಡಾಡಿ ಬರುತ್ತೇನೆಂದು ಎದ್ದರು. ಗಂಡ ಮೂರು ಕಡೆ ಹುಡುಕಿ ಹೆಲ್ಮೆಟ್ಟು ತಂದ.

"ಥತ್! ಮುಂದಿನ ಚಕ್ರದಲ್ಲಿ ಗಾಳೀನೇ ಇಲ್ಲ!"

"ಅಯ್ಯಯ್ಯೋ" ಎಂದಳು ಅವಳು.

"ಗಾಬರಿ ಬೇಡ. ಸ್ಟೆಪ್ನಿ ಇದೆ. ಹತ್ತು ನಿಮಿಷ, ಹಾಕಿಬಿಡ್ತೀನಿ."

ಅವಳ ಮುಖ ಇಳಿಯಿತು. ಅವನು ಸ್ಪಾನರ್ ಹಿಡಿದು ಕೆಳಗೆ ಕೂತ. ಕೂತವನು ಹಾಗೇ ಹಿಂದಕ್ಕೆ ಬಗ್ಗಿ ನೋಡಿದ.

"ಹಿಂದಿನದೂ ಕೂತಿದೆ ಕಣೇ!"

"ಹಿಂದಿನದಾ?" ಈ ಸಲ ಅವಳು ನಿಜವಾಗಿಯೂ ಬೆಚ್ಚಿದಳು.

ಗಾಳಿ ಹಾಕುವ ಅಂಗಡಿ ಇದ್ದದ್ದು ಊರ ದಡದಲ್ಲಿ. ಸೇತುವೆಗೆ ಮೂರು ಕಿಲೋಮೀಟರ್. ಅತ್ತೆಯ ಮಂಡಿಗೆ ಅದು ಆಗದ ಮಾತು. ಈ ದಡದಲ್ಲಿ ಸಿಕ್ಕಿಹಾಕಿಕೊಳ್ಳಲು ಯಾವ ಆಟೋದವನೂ ಒಪ್ಪಲಿಲ್ಲ. ಭಾವನಿಗೆ ಫೋನು ಮಾಡಿದರೆ ಅವನ ಕಾರು ಸೇತುವೆಯ ನಡುವೆ, ಹಿಂದೆ ಮುಂದೆ ವಾಹನಗಳ ಸಾಲು, ತಿರುಗಿಸಲು ಜಾಗವಿಲ್ಲ.

"ಹಾಳು ಸೇತುವೆ!" ಎಂದು ಕೂಗಾಡಿದ ಭಾವ. "ಇನ್ನೇನು ಮಾಡೋದು, ಅಮ್ಮ ಅಲ್ಲೇ ಇರಲಿ. ಎಪ್ಪತ್ತು ಕಿಲೋಮೀಟರ್ ಅವರ ಕೈಲಾಗಲ್ಲ. ಇದರಲ್ಲಿ ಯಾರನ್ನ ಅನ್ನೋ ಹಾಗಿದೆ?"

ದೂರದಲ್ಲಿ ಸೇತುವೆಯ ಕಡೆಯಿಂದ ಸೈರನ್ ಕೂಗಿತು. ಆರು ಗಂಟೆ. ಗಂಡ ತಲೆ ಕೆರೆದುಕೊಳ್ಳುತ್ತ ಒಳಗೆ ಹೋದ. ಮೆಟ್ಟಿಲ ಮೇಲೆ ಉಳಿದವರು ಅವರಿಬ್ಬರೇ. ಅತ್ತೆ ಸೆರಗಿನ ತುದಿಯಿಂದ ಬೆರಳಿನ ಕಪ್ಪು ಒರೆಸಿಕೊಂಡು, ಅವಳ ಕಿವಿಯ ಹತ್ತಿರ ಬಾಗಿದರು.

"ಮುಂದಿನ ಚಕ್ರದ ಗಾಳಿ ನೀನು ಬಿಡ್ತಿದ್ದುದನ್ನ ಕಿಟಕಿಯಿಂದ ನೋಡಿದೆ ಕಣೇ, ಸ್ಟೆಪ್ನಿ ಇರೋದು ಈ ದಡ್ಡಿಗೆ ಹೊಳೀಲಿಲ್ವಲ್ಲ ಅಂತ, ಹಿಂದಿನದನ್ನ ನಾನು ಬಿಟ್ಟೆ."