ಸ್ವಯಂ ಘೋಷಣೆ

"ಇದೊಂದಕ್ಕ ಸಹಿ ಹಾಕಲ್ಲ ಅಂತಾನ್ರಿ ಮೇಡಂ, ಪಾಲಣ್ಣ!" ಟ್ರಸ್ಟಿನ ಕಚೇರಿ ನೋಡಿಕೊಳ್ಳುವ ಸ್ಫೂರ್ತಿ ಕೈಯಲ್ಲಿದ್ದ ಸ್ವಯಂ ಘೋಷಣೆಯ ಹಾಳೆಯನ್ನು ಟೇಬಲ್ಲಿನ ಮೇಲೆ ಕುಕ್ಕಿದಳು.

ಶೈಲಜಾಗೆ ತಲೆ ಕೆಟ್ಟುಹೋಯಿತು. ಸಂಜೆ ಐದರೊಳಗೆ ಅನುದಾನದ ಅರ್ಜಿ ಮುಂಬೈಗೆ ಹೋಗಬೇಕು. ಟ್ರಸ್ಟ್ ಡೀಡು, ಆಡಿಟ್ ವರದಿ, ಹಾಳುಮೂಳು ಎಂದು ಒಂದೂವರೆ ತಿಂಗಳು ಹೊಸಪೇಟೆಯ ಕಚೇರಿಗಳಿಗೆ ಎಡತಾಕಿ ಫೈಲು ಕಟ್ಟಿದ್ದಾಗಿತ್ತು. ತೀರಿಹೋದ ಮಗ ಬಸವಕುಮಾರನ ಹೆಸರಿನಲ್ಲಿ ಸಂಡೂರು, ಗಾದಿಗನೂರು ಕಡೆ ಓಡಿಸುವ ಉಚಿತ ಆಂಬುಲೆನ್ಸು ಈಗಲೋ ಆಗಲೋ ಎನ್ನುತ್ತಿದೆ. ಅನುದಾನ ಸಿಕ್ಕರೆ ಹೊಸ ಗಾಡಿ, ಇಲ್ಲದಿದ್ದರೆ ಸೇವೆಯೇ ಬಂದ್. ಇಂಥ ಹೊತ್ತಿನಲ್ಲಿ ಡ್ರೈವರ್ ಮಹಾಶಯರದ್ದು ಈ ತಕರಾರು!

"ಏನಪ್ಪಾ ನಿಂದು? ಪೊಲೀಸರೇ ನಿನ್ನ ಮ್ಯಾಲೆ ಯಾವ ಕೇಸೂ ಇಲ್ಲ ಅಂತ ಸರ್ಟಿಫಿಕೇಟ್ ಕೊಟ್ಟಾರ. ನಿನಗೇನು ಧಾಡಿ?" ಎಂದು ಶೈಲಜಾ ಗದರಿದರು.

ಬಾಗಿಲಲ್ಲಿ ನಿಂತಿದ್ದ ಪಾಲಯ್ಯ ತಲೆ ಎತ್ತಲಿಲ್ಲ. "ಅದರಾಗ ಬರ್ದಿದ್ದು ಇನ್ನೊಮ್ಮಿ ಓದವ್ವಾ," ಎಂದ. ಸ್ಫೂರ್ತಿ ಸಿಡುಕಿಕೊಂಡೇ ಓದಿದಳು: "'ನನ್ನ ಚಾಲನೆಯಿಂದ ಇದುವರೆಗೆ ಯಾರ ಪ್ರಾಣಕ್ಕೂ ಹಾನಿಯಾಗಿಲ್ಲವೆಂದು ಈ ಮೂಲಕ ಘೋಷಿಸುತ್ತೇನೆ.'"

"ಆಗೈತ್ರಿ," ಎಂದ ಪಾಲಯ್ಯ.

ಶೈಲಜಾಗೆ ನಗು ಬಂತು. ಹನ್ನೊಂದು ವರ್ಷದಿಂದ ಸಂಬಳ ಹೆಚ್ಚಿಸಿ ಎಂದು ಬಾಯಿ ಬಿಡದವನು, ಹಬ್ಬದ ದಿನವೂ ಕರೆದರೆ ಊಟ ಬಿಟ್ಟು ಏಳುವವನು. "ನಾಯಿ ಗೀಯಿ ಅಡ್ಡ ಬಂದಿತ್ತೇನೋ?"

"ಅದಿರು ಲಾರಿ ಹೊಡೀತಿದ್ನಿರಿ ಆವಾಗ. ಮೂರು ದಿನ ನಿದ್ದಿ ಇರಲಿಲ್ಲ. ಸಂಡೂರಿನ ಇಳಿಜಾರಿನಾಗ ಒಂದು ಬೈಕಿಗೆ ಬಡದ್ನಿ. ಮಾಲಕರು ನನ್ನ ಊರು ಬಿಡಿಸಿ, ಠಾಣೆಗೆ ಸುಂಕಪ್ಪನ್ನ ಹಾಜರ್ ಮಾಡಿದ್ರು. ಆವಾಗ ಹಂಗ ನಡೀತಿತ್ತು. ಲಾರಿ ಹೊಡ್ಯಾಂವ ಒಬ್ಬ, ಕೇಸಿಗೆ ಇನ್ನೊಬ್ಬ."

ಸುಂಕಪ್ಪ! ಶೈಲಜಾ ಮರೆಯುವಂಥ ಹೆಸರಲ್ಲ ಅದು. ಕೋರ್ಟಿನ ಕಟಕಟೆಯಲ್ಲಿ ಕೈಮುಗಿದು ನಿಂತಿದ್ದ ನರಪೇತಲ. ನಿನ್ನ ವಂಶ ಹಾಳಾಗಲಿ ಎಂದು ತಾವೇ ಅವನ ಮೇಲೆ ಮಣ್ಣು ತೂರಿದ್ದರು. ಹದಿನಾಲ್ಕು ವರ್ಷ ಬೈದದ್ದು ಅವನನ್ನೇ.

"ಯಾರ... ಯಾರ ಬೈಕು?"

"ನಿಮ್ಮ ಬಸೂಂದ್ರಿ, ಅಮ್ಮಾರ. ಅದಕ್ಕ ನಿಮ್ಮ ಹತ್ರ ಬಂದ್ನಿ. ಹೇಳಬೇಕಂತ ಬಂದಾವ ಹೇಳಲಾರದ ಉಳ್ಕೊಂಡ್ನಿ."

ಶೈಲಜಾ ಕುರ್ಚಿಯ ಹಿಡಿಕೆ ಹಿಡಿದುಕೊಂಡರು. ಇವನಿಗೆ ಯುಗಾದಿಗೆ ಹೊಸ ಅಂಗಿ ಹೊಲಿಸಿದ್ದರು, ಇವನ ಮಗಳ ಮದುವೆಯಲ್ಲಿ ಮುಂದೆ ನಿಂತು ಬಡಿಸಿದ್ದರು. ಅಯ್ಯೋ, ಎಂಥ ಹಣೆಬರಹ! ಮಗ ಬಿದ್ದ ಜಾಗದಲ್ಲೇ ಹೋದ, ಒದ್ದಾಡಲಿಲ್ಲ ಎಂದಿದ್ದರು ನೋಡಿದವರು. ಆ ಒಂದು ಮಾತನ್ನು ಹಿಡಿದುಕೊಂಡೇ ಇಷ್ಟು ದಿನ ಜೀವ ಹಿಡಿದಿದ್ದರು.

"ಬಿದ್ದಕೂಡ್ಲೇ ಹೋದ್ನಲ್ಲ ಪಾಲಯ್ಯ? ಏನೂ ಗೊತ್ತಾಗಲಿಲ್ಲಲ್ಲ ಅವಂಗ?"

"ಅಂವ ನೀರು ಕೇಳಿದನ್ರಿ."

"ಕೊಟ್ಟಿಯಾ?"

"ಮಂದಿ ಬಂದು ಬಡೀತಾರಂತ ಓಡಿಬಿಟ್ನಿರಿ."

ಫೋನು ಹೊಡೆದುಕೊಂಡಿತು. ಎತ್ತಿದ ಸ್ಫೂರ್ತಿ ಕೇಳಿಸಿಕೊಂಡು ಶೈಲಜಾರತ್ತ ತಿರುಗಿದಳು. "ಗಾದಿಗನೂರು ಕ್ರಾಸಿನಾಗ ಟಿಪ್ಪರ್ ಬಡದೈತಂತ್ರಿ ಮೇಡಂ... ಕಾಲೇಜು ಹುಡುಗಿ. ಜೀವ ಐತಂತ."

ಪಾಲಯ್ಯ ಕದಲಲಿಲ್ಲ. ಅಪ್ಪಣೆಗೆ ಕಾದವನಂತೆ ನಿಂತೇ ಇದ್ದ. ಅವನ ಕತ್ತು ಹಿಸುಕಬೇಕು ಎನ್ನುವಷ್ಟು ಸಿಟ್ಟು ಶೈಲಜಾಗೆ ಉಕ್ಕಿ ಬಂತು. ಎದ್ದು ಬಂದರು. ಟೇಬಲ್ಲಿನ ಮೇಲಿದ್ದ ತಮ್ಮ ನೀರಿನ ಬಾಟಲಿಯನ್ನು ಅವನ ಎದೆಗೆ ಒತ್ತಿ ಹಿಡಿದರು.

"ಹೋಗು. ಕೇಳಿದ್ರ ಕೊಡು."