ಅಕ್ಕನ ಊಟಕ್ಕೆ ಬೇಕಾದ ಬಿಸಿಲು

ಮಾನ್ಯ ವಾಚಕ ಮಹಾಶಯರೇ, ಒಮ್ಮೆ ಮುಳುಗಿದ ಸೂರ್ಯ ವರ್ಷಗಟ್ಟಲೆ ಮೂಡದ ಈ ಕಾಲದಲ್ಲಿ ಜೈನರ ಮನೆಯಲ್ಲಿ ಹುಟ್ಟುವುದು ಬಹಳ ದಣಿವಿನ ಸಂಗತಿಯೆಂದು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ಕತ್ತಲಾದ ಮೇಲೆ ನಮ್ಮವರು ಉಣ್ಣುವುದಿಲ್ಲ. ಆದ್ದರಿಂದ ಊರಿಗೆ ಊರೇ ಸೂರ್ಯನ ಬೆನ್ನುಹತ್ತಿ ಪಡುವಣಕ್ಕೆ ನಡೆಯುತ್ತಿರುತ್ತದೆ. ನಾನಾದರೋ ನಂಬಿಕೆ ಕಳೆದುಕೊಂಡು, ಕತ್ತಲ ಊರುಗಳಲ್ಲಿ ಸಿಕ್ಕಿದ್ದನ್ನು ಉಂಡು ಅಲೆದವನು.

ಅಕ್ಕ ಮರುದೇವಿಯ ಮೊಣಕಾಲುಗಳು ಸೋತಿವೆಯೆಂದು ಕೇಳಿ ಬಂದೆ. ಎಲ್ಲರೂ ಹೊರಟುಹೋಗಿದ್ದರು. ಅವಳೊಬ್ಬಳೇ ಬಸದಿಯ ಜಗಲಿಯಲ್ಲಿ ಕೊನೆಯ ಬಿಸಿಲಿಗೆ ಮುಖ ಕೊಟ್ಟು ಕುಳಿತಿದ್ದಳು. ಈ ಹೊತ್ತು ಮುಳುಗಿದರೆ ಅವಳು ಮತ್ತೆಂದೂ ಉಣ್ಣುವವಳಲ್ಲ.

“ದೀಪ ಹಚ್ಚಿಕೊಂಡು ಉಣ್ಣಬಾರದೇ ಅಕ್ಕ? ಯಾರು ನೋಡುತ್ತಾರೆ?”

“ದೀಪಕ್ಕೆ ಬಿದ್ದು ಸಾಯುವ ಹುಳ ನೋಡುತ್ತದಲ್ಲೋ. ಲೋಕವೆಲ್ಲ ತಿರುಗಿದವನಿಗೆ ಇಷ್ಟೂ ತಿಳಿಯದೇ?”

“ಊರವರೇಕೆ ನಿನ್ನನ್ನು ಹೊತ್ತೊಯ್ಯಲಿಲ್ಲ?” ಎಂದೆ.

“ಬಾ ಬಾ ಎಂದು ಗೋಗರೆದರು. ನಾನೇ ಬೈದು ಅಟ್ಟಿದೆ. ನನ್ನನ್ನು ಹೊತ್ತವರು ಹಿಂದುಳಿದರೆ ಅವರ ತಟ್ಟೆಗೂ ಕತ್ತಲೆ ಬೀಳುತ್ತದೆ.”

“ನನಗೆ ಆ ಭಯವಿಲ್ಲವಲ್ಲ. ನಾನು ಕತ್ತಲಲ್ಲೂ ಉಣ್ಣುವ ಪಾಪಿ. ಏಳು, ಅಂಗಳದಲ್ಲಿರುವ ಆ ತಳ್ಳುಗಾಡಿ ಹತ್ತು.”

ಅಕ್ಕ ನಕ್ಕು, “ನಿನ್ನ ನಾಸ್ತಿಕತನ ಕಡೆಗೂ ಒಂದು ಕೆಲಸಕ್ಕೆ ಬಂತು,” ಎನ್ನುತ್ತಾ ಕೈ ಚಾಚಿದಳು.

ಗಾಡಿಯಲ್ಲಿ ಹಾಸಿಗೆ ಹಾಸಿ ಅವಳನ್ನು ಕೂರಿಸಿದೆ. ಅಕ್ಕಿ, ಪಾತ್ರೆಗಳನ್ನು ಗಂಟು ಕಟ್ಟುವಾಗ, ಅವಳು ಕೇಳುವ ಮೊದಲೇ, ನೀರಿನ ಹುಳವೂ ಸಾಯಬಾರದೆಂದು ಅವಳು ನೀರು ಸೋಸುವ ಬಟ್ಟೆಯನ್ನು ಗೂಟದಿಂದ ತೆಗೆದು ಮೇಲಿಟ್ಟೆ. ನನ್ನ ಚೀಲವನ್ನು ಹೆಗಲಿಗೇರಿಸಿ, ಪಡುವಣದಲ್ಲಿ ಉಳಿದಿದ್ದ ಕೆಂಪು ಚೂರಿನ ಕಡೆಗೆ ಗಾಡಿ ತಳ್ಳಿದೆ.